ಸಣ್ಣ ಗೇಜಿನ ಮೂರು ದೇಶ

ಕೀಮ್ಯಾನ್ ಮಾವ ಎಲ್ಲಿ ನಡೆದರೂ ಹೆಜ್ಜೆಗೆ ಒಂದೇ ಅಳತೆ. ರೈಲು ಹಳಿಯ ಕೆಳಗೆ ಅಡ್ಡಡ್ಡ ಮಲಗಿರುತ್ತವಲ್ಲ ಸ್ಲೀಪರುಗಳು, ಒಂದರಿಂದ ಇನ್ನೊಂದಕ್ಕೆ ಕಾಲಿಡಲು ಎಷ್ಟು ಬೇಕೋ ಅಷ್ಟು. ತೋಟದ ಬದುವಿನ ಮೇಲೂ ಹಾಗೇ, ತಿಪಟೂರಿನ ಸಂತೆಯ ನೂಕುನುಗ್ಗಲಲ್ಲೂ ಹಾಗೇ. ಮದುವೆ ದಿಬ್ಬಣದಲ್ಲಿ ಊರೆಲ್ಲ ವಾಲಗದ ಹಿಂದೆ ಕಾಲೆಳೆದುಕೊಂಡು ಬರುತ್ತಿದ್ದರೆ ಇವರು ತಲೆ ತಗ್ಗಿಸಿ, ನೆಲವನ್ನೇ ನೋಡುತ್ತಾ, ಮದುಮಗನನ್ನೂ ದಾಟಿಕೊಂಡು ಛತ್ರ ಸೇರಿ, ಎಲೆ ಹಾಕಿದ್ದಾರಾ ಎಂದು ಊಟದ ಮನೆಯೊಳಗೆ ಇಣುಕುತ್ತಿದ್ದರು. ಅವರ ಜೊತೆ ಸಮವಾಗಿ ನಡೆದವರನ್ನು ನಾನು ನೋಡಿಲ್ಲ. ಅವರ ಹೆಂಡತಿಯಂತೂ ಯಾವಾಗಲೂ ಹತ್ತು ಮಾರು ಹಿಂದೆ.

ಅವರು ನನಗೆ ರಕ್ತಸಂಬಂಧದ ಮಾವ ಅಲ್ಲ. ಅಮ್ಮಸಂದ್ರದ ಪಕ್ಕದ ನಮ್ಮೂರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಒಂದೇ ನುಗ್ಗೆಮರ. ಪಕ್ಕದ ಮನೆಯ ಹಿರಿಯರನ್ನು ಮಾವ, ಅತ್ತೆ ಎನ್ನದಿದ್ದರೆ ನಮ್ಮ ಕಡೆ ಬೆನ್ನಿಗೆ ಬೀಳುತ್ತದೆ. ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದರಿಂದ ಅವರು ಊರಿಗೆಲ್ಲ ಕೀಮ್ಯಾನ್ ಮಾವ, ಅವರ ಹೆಂಡತಿ ಬರೀ ಅತ್ತೆ. ಕೀಮ್ಯಾನ್ ಅಂದರೆ ಬೆಳಗಾಗುತ್ತಲೇ ಸುತ್ತಿಗೆ, ಸ್ಪ್ಯಾನರು, ಕೆಂಪು ಹಸಿರು ಬಾವುಟ ಹಿಡಿದು ಹಳಿಯುದ್ದಕ್ಕೂ ನಡೆಯುವವನು. ಹಳಿಯನ್ನು ಸ್ಲೀಪರಿಗೆ ಕಚ್ಚಿಸುವ ಕೀಲಿ ಸಡಿಲ ಕಂಡರೆ ಹೊಡೆದು ಬಿಗಿಮಾಡುವುದು, ಮುಂದಕ್ಕೆ ಹೋಗುವುದು, ಮತ್ತೆ ಅದೇ ಹಳಿಯ ಮೇಲೆ ವಾಪಸು ಬರುವುದು. ಒಬ್ಬೊಬ್ಬ ಕೀಮ್ಯಾನಿಗೆ ಹಳಿಯ ಒಂದೊಂದು ತುಂಡು, ಅದಕ್ಕೆ ಬೀಟು ಎನ್ನುತ್ತಾರೆ. ಮಾವನ ಬೀಟು ನಮ್ಮೂರಿನ ಆಚೀಚೆಯೇ ಇತ್ತು.

ಅವರು ಕೆಲಸಕ್ಕೆ ಸೇರಿದಾಗ ನಮ್ಮ ಕಡೆ ಓಡುತ್ತಿದ್ದದ್ದು ಮೀಟರ್ ಗೇಜು, ಜನರ ಬಾಯಲ್ಲಿ ಸಣ್ಣ ಗೇಜು. ಆಮೇಲೆ ಅದನ್ನು ಕಿತ್ತು ಅಗಲದ ಹಳಿ ಹಾಕಿದರು. "ಕೀಳುವಾಗ ನಾನೇ ಮುಂದೆ ನಿಂತು ಕೀಲಿ ಬಿಚ್ಚಿದೆ ಕಣಮ್ಮ. ಮನೇಲಿ ಹುಟ್ಟಿದ ಕರ ಸಂತೆಗೆ ಹೊಡ್ಕೊಂಡು ಹೋದಂಗಾಯ್ತು" ಎಂದು ಮಾವ ಎಷ್ಟೋ ಸಲ ಹೇಳಿದ್ದಾರೆ. ಅಗಲದ ಹಳಿಯನ್ನೂ ಅವರು ಅಷ್ಟೇ ನಿಯತ್ತಿನಿಂದ ಕಾದರು. ಆದರೆ ಮಾತಿಗೆ ಕೂತರೆ ಸಣ್ಣ ಗೇಜಿನ ಹೊರತು ಬೇರೆ ಮಾತೇ ಇರಲಿಲ್ಲ.

ರೈಲ್ವೆಯವರಿಗೆ ಪಾಸು ಸಿಗುತ್ತದೆ. ಅತ್ತೆ ಆ ಪಾಸಿನಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ತಿರುಪತಿ, ಹುಬ್ಬಳ್ಳಿ, ಮಂತ್ರಾಲಯ ಎಲ್ಲ ಸುತ್ತಿ ಬಂದಿದ್ದರು. ಮಾವ ಒಂದಕ್ಕೂ ಹೋಗಲಿಲ್ಲ. ಬೀಟನ್ನು ಬೇರೆಯವರು ನಡೆದರೆ ಅವರಿಗೆ ಗಂಟಲಲ್ಲಿ ಮುದ್ದೆ ಇಳಿಯುತ್ತಿರಲಿಲ್ಲವಂತೆ. ಹಾಗಾಗಿ ಅತ್ತೆ ಊರಿಗೆ ಹೊರಟಾಗಲೆಲ್ಲ ಒಂದು ತಮಾಷೆ ನಡೆಯುತ್ತಿತ್ತು. ಅವರು ಕೂತ ರೈಲು ಮಾವನ ಬೀಟಿನ ಮೇಲೇ ಹಾದುಹೋಗಬೇಕು. ಮಾವ ಹಳಿಯಿಂದ ಇಳಿದು ಪಕ್ಕದಲ್ಲಿ ಬಾವುಟ ಹಿಡಿದು ನಿಂತಿರುತ್ತಾರೆ. ಅತ್ತೆ ಕಿಟಕಿಗೆ ಮುಖ ಒತ್ತಿ ಕೈಯಾಡಿಸುತ್ತಾರೆ.

"ನನ್ನ ಒಂದಿನಾನೂ ನೋಡ್ಲಿಲ್ಲ ಕಣೇ," ಎಂದು ಅತ್ತೆ ನನ್ನ ಹತ್ತಿರ ಹೇಳುತ್ತಿದ್ದರು. "ಗಾಲಿ ನೋಡ್ತಿದ್ರು."

ಮದುವೆಯಾಗಿ ಅಷ್ಟು ವರ್ಷವಾಗಿ, ಮಕ್ಕಳ ಮದುವೆಯಾಗಿ, ಮಾವನ ನಿವೃತ್ತಿಯೂ ಆಗಿ, ಗಂಡ ಹೆಂಡತಿ ಒಂದೇ ಒಂದು ಸಲವೂ ಒಂದು ರೈಲಿನಲ್ಲಿ ಅಕ್ಕಪಕ್ಕ ಕೂತಿರಲಿಲ್ಲ. ರೈಲ್ವೆಯ ಅನ್ನ ತಿಂದ ಮನೆಯಲ್ಲಿ ಇದು ನಂಬುವ ಮಾತೇ? ಆದರೂ ನಿಜ.

ನನ್ನದು ತಿಪಟೂರಿನಲ್ಲಿ ಒಂದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ನೆಪಕ್ಕೆ. ಪಹಣಿ, ಪರೀಕ್ಷೆಯ ಹಾಲ್ ಟಿಕೆಟ್, ಕರೆಂಟು ಬಿಲ್ಲು, ರೈಲು ಟಿಕೆಟ್, ಎಲ್ಲವೂ ಅಲ್ಲಿ ಆಗುತ್ತದೆ. ದಿನವೂ ಬೆಳಗಿನ ಪ್ಯಾಸೆಂಜರ್‌ನಲ್ಲಿ ಬಂದು ಸಂಜೆಯ ಗಾಡಿಗೆ ಹಿಂತಿರುಗುತ್ತೇನೆ. ಒಂದು ದಿನ ಕೊಬ್ಬರಿ ಹರಾಜಿಗೆ ಬಂದಿದ್ದ ಮಾವ ಸೀದಾ ಅಂಗಡಿಗೆ ನುಗ್ಗಿ, ನನ್ನ ಮುಂದಿದ್ದ ಗಿರಾಕಿಯನ್ನು ಪಕ್ಕಕ್ಕೆ ಸರಿಸಿ, ಮೊಬೈಲನ್ನು ಮೇಜಿನ ಮೇಲಿಟ್ಟರು.

"ಮೂರು ದೇಶ ರೈಲಲ್ಲಿ ನೋಡ್ಬೇಕು ಕಣಮ್ಮ. ಮಾಡ್ಕೊಡು."

ಮೊಬೈಲಿನಲ್ಲಿ ಯಾರೋ ತೆಗೆದು ಹಾಕಿದ್ದ ವಿಡಿಯೋ. ತೆಂಗಿನ ಸಾಲುಗಳ ನಡುವೆ ಒಂದು ರೈಲು ಓಡುತ್ತಿತ್ತು. ನಾನು ನಮ್ಮ ಬಾಣಸಂದ್ರದ ಕಡೆಯದೇ ಇರಬೇಕು ಎಂದುಕೊಂಡೆ. ನೋಡಿದರೆ ಥಾಯ್ಲೆಂಡ್.

"ಅದು ಸಣ್ ಗೇಜು," ಎಂದರು ಮಾವ.

"ಇಷ್ಟು ಚಿಕ್ಕ ವಿಡಿಯೋದಲ್ಲಿ ಹೇಗೆ ಗೊತ್ತಾಯ್ತು ಮಾವ?"

"ನಿಮ್ಮಪ್ಪ ದೂರದಲ್ಲಿ ಬತ್ತಿದ್ರೆ ನಿಂಗೆ ಗೊತ್ತಾಗಲ್ವಾ?"

ನಾನು ಕಂಪ್ಯೂಟರಿನಲ್ಲಿ ಹುಡುಕಿದೆ. ಅವರು ಹೇಳಿದ್ದು ಸರಿಯಾಗಿತ್ತು. ನಮ್ಮಲ್ಲಿ ಕಿತ್ತುಹಾಕಿದ ಅದೇ ಅಗಲದ ಹಳಿಯ ಮೇಲೆ ಥಾಯ್ಲೆಂಡಿನಲ್ಲೂ ಮಲೇಷ್ಯಾದಲ್ಲೂ ಈಗಲೂ ರೈಲುಗಳು ಓಡುತ್ತಿವೆ. ನಡುವೆ ಒಂದು ದೊಡ್ಡ ನದಿ ದಾಟಿ ಲಾವೋಸ್ ಎಂಬ ದೇಶದೊಳಕ್ಕೂ ಒಂದು ಚಿಕ್ಕ ತುಂಡು ಹೋಗುತ್ತದೆ. ಮಲೇಷ್ಯಾದಲ್ಲಂತೂ ಅಷ್ಟೇ ಅಗಲದ ಹಳಿಯ ಮೇಲೆ ವಿದ್ಯುತ್ ರೈಲು ಬಾಣದ ಹಾಗೆ ಹೋಗುತ್ತದೆ ಎಂದಾಗ ಮಾವನ ಮುಖ ನೋಡಬೇಕಿತ್ತು. "ಸಣ್ ಗೇಜಲ್ಲಿ ವೇಗ ಬರಲ್ಲ ಅಂತ ತಾನೇ ನಮ್ದು ಕಿತ್ತಿದ್ದು?" ಎಂದು ನನ್ನನ್ನೇ ದಬಾಯಿಸಿದರು. ನಾನೇನು ರೈಲ್ವೆ ಮಂತ್ರಿಯೇ?

ವಿಮಾನದಲ್ಲಿ ಕರೆದುಕೊಂಡು ಹೋಗಿ, ಅನ್ನ ಸಾರು ಹಾಕಿ, ನಾಲ್ಕು ದಿನಕ್ಕೆ ವಾಪಸು ತಂದುಬಿಡುವ ಪ್ಯಾಕೇಜುಗಳಿವೆ, ಅದರಲ್ಲಿ ಹೋಗಿ ಎಂದೆ. ಅವರು ಕೇಳಲಿಲ್ಲ. "ವಿಮಾನದಲ್ಲಿ ಕುಂತ್ರೆ ಏನ್ ಕಾಣ್ತೈತೆ? ರೆಕ್ಕೆ." ಸಮುದ್ರ ದಾಟುವ ತನಕ ಮಾತ್ರ ವಿಮಾನ, ಇಳಿದ ಮೇಲೆ ರೈಲೇ ಆಗಬೇಕು. ಅದರಲ್ಲೂ ಹಗಲು ರೈಲೇ ಆಗಬೇಕು. ಕತ್ತಲಲ್ಲಿ ಹಳಿಯೂ ಕಾಣದೆ, ಊರೂ ಕಾಣದೆ ಹೋಗುವುದಾದರೆ ಮನೆಯಲ್ಲೇ ಕಂಬಳಿ ಹೊದ್ದು ಮಲಗಬಹುದು ಎನ್ನುವುದು ಅವರ ವಾದ. ಆ ದೇಶಗಳಲ್ಲಿ ದೂರದ ಗಾಡಿಗಳು ಹೆಚ್ಚಾಗಿ ರಾತ್ರಿ ಹೊರಡುತ್ತವೆ. ಹಗಲಿನವು ಕಡಿಮೆ, ನಿಧಾನ, ಅಲ್ಲಲ್ಲಿ ಇಳಿದು ತಂಗಬೇಕು. ಆರಾಮಾಗಿ ಒಂದು ವಾರದಲ್ಲಿ ಮುಗಿಯುವುದು ಎರಡು ವಾರಕ್ಕೂ ಜಾಸ್ತಿ ಹಿಗ್ಗಿತು. ನಾನು ರೇಗಿದೆ. ಅವರು ಕದಲಲಿಲ್ಲ. ಇಷ್ಟು ವರ್ಷ ಹಳಿಯ ಮೇಲೆ ನಡೆದವರನ್ನು ದಾರಿ ತಪ್ಪಿಸಲು ನನ್ನಿಂದಾಗುತ್ತದೆಯೇ?

ಊರು ಯಾವುದು, ಎಲ್ಲಿ ತಂಗುವುದು ಎನ್ನುವುದು ಮಾವನಿಗೆ ಕಂಪ್ಯೂಟರಿನ ಪರದೆಯ ಮೇಲೆ ಹಿಡಿಸಲಿಲ್ಲ. ಮನೆಯ ಪಡಸಾಲೆಯಲ್ಲಿ ತೆಂಗಿನಕಾಯಿ ಇಟ್ಟು ಜೋಡಿಸಿದರು. ತಂಗುವ ಊರಿಗೊಂದು ಕಾಯಿ, ಕಾಯಿಯಿಂದ ಕಾಯಿಗೆ ನಾರಿನ ಹಗ್ಗದ ಹಳಿ. ರಾಜಧಾನಿಗಳಿಗೆ ಮಾತ್ರ ಜುಟ್ಟಿರುವ ಕಾಯಿ. ಬ್ಯಾಂಕಾಕ್ ಕಂಬದ ಹತ್ತಿರ, ಲಾವೋಸ್ ದೇವರ ಮನೆಯ ಹೊಸ್ತಿಲ ಹತ್ತಿರ, ಮಲೇಷ್ಯಾದ ಕ್ವಾಲಾಲಂಪುರ ಬಚ್ಚಲ ಬಾಗಿಲಿಗೆ. ನಾನು ಸಂಜೆ ಅಂಗಡಿಯಿಂದ ಬಂದವಳು ಒಂದೊಂದು ಕಾಯಿಯ ಹತ್ತಿರವೂ ನಿಂತು, ಇಲ್ಲಿ ಎಷ್ಟು ಹೊತ್ತಿಗೆ ಇಳಿಯುತ್ತೀರಿ, ಮಾರನೆಯ ಬೆಳಗ್ಗೆ ಎಷ್ಟಕ್ಕೆ ಹತ್ತುತ್ತೀರಿ ಎಂದು ಹೇಳಬೇಕು. ಒಂದು ದಿನ ಬಂದು ನೋಡಿದರೆ ದಕ್ಷಿಣ ಥಾಯ್ಲೆಂಡಿನ ಒಂದು ಊರೇ ನಾಪತ್ತೆ.

"ಬೆಳಗ್ಗೆ ದೋಸೆಗೆ ಚಟ್ನಿಗೆ ಇರ್ಲಿಲ್ಲ ಕಣೇ, ಒಡೆದುಬುಟ್ಟೆ," ಎಂದರು ಅತ್ತೆ ಒಳಗಿನಿಂದ.

"ಅಲ್ಲೇ ಕಣೇ ನಾವು ಗಾಡಿ ಬದಲಾಯಿಸ್ಬೇಕಿದ್ದು!" ಎಂದು ಮಾವ ಕೂಗಿದರು.

ಅತ್ತೆ ಈ ಯಾತ್ರೆಯ ವಿಷಯದಲ್ಲಿ ಮೊದಲ ದಿನದಿಂದಲೂ ತಟಸ್ಥರು. ಯಾರೋ ಮೂರನೆಯವರು ಹೋಗುತ್ತಿದ್ದಾರೆ ಎನ್ನುವಂತೆ ಓಡಾಡುತ್ತಿದ್ದರು. ಪಾಸ್‌ಪೋರ್ಟಿಗೆ ಫೋಟೋ ತೆಗೆಸಬೇಕು ಎಂದಾಗ ಗೊತ್ತಾಯಿತು ಒಳಗಿನದು.

"ನಾನ್ ಬರಲ್ಲ," ಎಂದರು.

"ಯಾಕತ್ತೆ?"

"ಬಂದು ಏನ್ ಮಾಡ್ಲಿ? ಅವ್ರು ಬಾಗ್ಲಲ್ಲಿ ನಿಂತ್ಕಂಡು ಹಳಿ ನೋಡ್ತಾರೆ. ನಾನೊಬ್ಳೇ ಕುಂತ್ಕಂಡು ಕಿಟಕಿ ನೋಡ್ಬೇಕು. ಅದನ್ನ ಪಾಸಿನಲ್ಲೇ ಬೇಕಾದಷ್ಟು ಮಾಡಿವ್ನಿ. ಅದಕ್ಕೆ ಸಮುದ್ರ ಬೇರೆ ದಾಟ್ಬೇಕಾ?"

ಮಾವ ಪಡಸಾಲೆಯಲ್ಲಿ ಬ್ಯಾಂಕಾಕಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಹಗ್ಗವನ್ನು ಸರಿಮಾಡುತ್ತಾ ತಲೆ ಎತ್ತದೆ, "ಕುಂತ್ಕತೀನಿ" ಎಂದರು.

"ಏನು?"

"ನಿನ್ ಪಕ್ಕ ಕುಂತ್ಕತೀನಿ. ಅದಕ್ಕೇ ಹೋಗ್ತಿರದು. ಇಲ್ಲಿ ನನ್ ಕೈಲಿ ಆಗಲ್ಲ ಕಣೇ. ಗಾಡಿ ಹತ್ತಿದ್ರೆ ಕಿವಿ ಕೆಳಗೇ ಇರ್ತೈತೆ. ಎಲ್ಲಿ ಸಡಿಲ ಐತೆ, ಎಲ್ಲಿ ಕುಟ್ತದೆ ಅಂತಲೇ. ಅಲ್ಲಿ ಹಳಿ ನಮ್ದೇ ಥರದ್ದು, ಆದ್ರೆ ನೋಡ್ಕಳೋರು ಬೇರೆ. ನಂಗೇನ್ ಬಾಧೆ?"

ಆವತ್ತಿನ ತನಕ ನಾನು ಈ ಮನುಷ್ಯ ಹಳೆಯ ಹಳಿಯ ಹುಚ್ಚಿಗೆ ಹೊರಟಿದ್ದಾರೆ ಎಂದುಕೊಂಡಿದ್ದೆ. ಅದು ಅರ್ಧ ಮಾತ್ರ. ಹೆಂಡತಿಯ ಪಕ್ಕದಲ್ಲಿ ಒಬ್ಬ ಪ್ರಯಾಣಿಕನಾಗಿ ಕೂರಬೇಕು, ಅದಕ್ಕೆ ತನ್ನದಲ್ಲದ ಹಳಿ ಬೇಕು ಎಂದು ಅವರು ಲೆಕ್ಕ ಹಾಕಿದ್ದರು. ಅತ್ತೆ ಮಾತ್ರ ಕರಗಲಿಲ್ಲ. "ಬಾಯಲ್ಲಿ ಹೇಳಿದ್ರಾಗಲ್ಲ, ಕುಂತು ತೋರ್ಸಿ" ಎಂದರು.

ಹಾಗಾಗಿ ಪರೀಕ್ಷೆ ಏರ್ಪಾಡಾಯಿತು. ಅಮ್ಮಸಂದ್ರದಲ್ಲಿ ಹತ್ತಿ ಅರಸೀಕೆರೆಗೆ ಹೋಗಿ ಬರುವುದು, ಅಕ್ಕಪಕ್ಕ ಕೂತು. ಮೊದಲನೆಯ ಸಲ ಮಾವ ಮುಂದಿನ ಸ್ಟೇಷನ್ನಿನ ತನಕವೂ ತಡೆಯಲಿಲ್ಲ. ಗಾಡಿ ಒಂದು ಕಡೆ ಕುಲುಕಿದ್ದೇ ತಡ, ಎದ್ದು ಬಾಗಿಲಿಗೆ ಓಡಿದರಂತೆ. ಅತ್ತೆ ತಿಪಟೂರಿನಲ್ಲೇ ಇಳಿದು ನನ್ನ ಅಂಗಡಿಗೆ ಬಂದು, "ಫೇಲು" ಎಂದು ಹೇಳಿ ಬಸ್ಸಿಗೆ ಹೋದರು. ಎರಡನೆಯ ಸಲಕ್ಕೆ ಅವರೇ ಒಂದು ಉಪಾಯ ಮಾಡಿದರು. ಕೂತ ತಕ್ಷಣ ಮಾವನ ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿಯ ಮುಚ್ಚಳ ತೆಗೆದು ಇಟ್ಟರು, ಕೈಗೆ ನೀರಿನ ಚೊಂಬು ಕೊಟ್ಟರು. ಚೆಲ್ಲದೆ ಏಳುವ ಹಾಗಿಲ್ಲ. ಕುಲುಕಿದಾಗಲೆಲ್ಲ ಮಾವನ ಕಾಲು ತಾನೇ ತಾನಾಗಿ ನೆಲ ಒದೆಯುತ್ತಿತ್ತಂತೆ, ಆದರೆ ಅರಸೀಕೆರೆಯ ತನಕ ಕೂತರು. ಆಮೇಲೆ ಅತ್ತೆ ಫೋಟೋಗೆ ಬಂದರು.

ಊರು ಸುಮ್ಮನಿರುತ್ತದೆಯೇ? ಅರಳೀಕಟ್ಟೆಯ ಮೇಲಿನ ಹೈಕಳು, "ಏನ್ ಮಾವ, ಈ ವಯಸ್ಸಲ್ಲಿ ಹನಿಮೂನಾ?" ಎಂದು ಕಿಚಾಯಿಸಿದರು. "ಹೂಂ ಕಣ್ಲಾ. ನಿಮ್ದು ಯಾವಾಗ್ಲೋ?" ಎಂದು ಮಾವ ತಿರುಗಿಸಿ ಕೊಟ್ಟರು. ಆ ಹುಡುಗರು ಹೆಣ್ಣು ಸಿಗದೆ ಒದ್ದಾಡುತ್ತಿದ್ದದ್ದು ಊರಿಗೆಲ್ಲ ಗೊತ್ತಿದ್ದದ್ದರಿಂದ ಕಟ್ಟೆ ಆಮೇಲೆ ತಣ್ಣಗಾಯಿತು. ಹೆಣ್ಣುಮಕ್ಕಳು ಫೋನು ಮಾಡಿ ಅತ್ತರು. ಭಾಷೆ ಬರಲ್ಲ, ಬಿದ್ದು ಗಿದ್ದು ಹೋದರೆ ಯಾರು ಎತ್ತುತ್ತಾರೆ ಎಂದರು. "ಅಲ್ಲಿ ಮನುಷ್ಯರು ಇಲ್ವೇನವ್ವ?" ಎಂದು ಮಾವ ಫೋನು ಇಟ್ಟರು. ಅಟ್ಟದ ಮೇಲೆ ಕಾಯಿ ಒಣಗಿ ಒಳಗೆ ಗುಂಡು ಕೊಬ್ಬರಿ ಅಲ್ಲಾಡುವುದಕ್ಕೆ ಹೆಚ್ಚುಕಡಿಮೆ ವರ್ಷ ಹಿಡಿಯುತ್ತದೆ, ಅದನ್ನು ಅವಸರ ಮಾಡಲಾಗುವುದಿಲ್ಲ. ಈ ಪ್ರಯಾಣಕ್ಕೂ ಅಷ್ಟೇ ಹಿಡಿಯಿತು. ಅಟ್ಟದ ಕಾಯಿ ಇಳಿಸಿ, ಕೊಬ್ಬರಿ ಮಂಡಿಗೆ ಹಾಕಿ, ಹಸುಗಳನ್ನು ನಮ್ಮ ಕೊಟ್ಟಿಗೆಗೆ ಕಟ್ಟಿ ಹೊರಟರು.

ಹೊರಡುವ ಹಿಂದಿನ ದಿನ ಇನ್ನೊಂದು ರಗಳೆ. ಅತ್ತೆ ದಾರಿಗೆ ಕೊಬ್ಬರಿ ಬೆಲ್ಲ ಕಟ್ಟಿದ್ದರು. ನಮ್ಮ ಕಡೆಯವರು ಕೊಬ್ಬರಿ ಇಲ್ಲದೆ ಎಲ್ಲಿಗಾದರೂ ಹೋಗುತ್ತಾರೆಯೇ? ಕೊಬ್ಬರಿಯಲ್ಲಿ ಎಣ್ಣೆ ಇರುತ್ತದೆ, ಬೆಂಕಿ ಹಿಡಿಯುತ್ತದೆ ಎಂದು ವಿಮಾನದಲ್ಲಿ ಬಿಡುವುದಿಲ್ಲ ಎಂದು ನಾನು ಚೀಲದಿಂದ ತೆಗೆಸಿದೆ. "ನಮ್ ಕೊಬ್ರಿ ಏನು ಬಾಂಬಾ?" ಎಂದು ಅತ್ತೆ ಕೆಂಡವಾದರು. ಅದರ ಜಾಗಕ್ಕೆ ನಿಪ್ಪಟ್ಟು, ಹುರಿಟ್ಟು ಬಂತು. ವಿಮಾನ ಹತ್ತುವ ತನಕ ನನ್ನ ಜೊತೆ ಮಾತಾಡಲಿಲ್ಲ.

ಅಲ್ಲಿಂದ ಫೋನುಗಳು ಬರತೊಡಗಿದವು. ಮಾವ ಒಂದು ಥರದ ಸುದ್ದಿ ಹೇಳುತ್ತಿದ್ದರು, ಅತ್ತೆ ಇನ್ನೊಂದು ಥರದ್ದು. ಹಳಿ ನೋಡಿದ ತಕ್ಷಣ ಕಣ್ಣಲ್ಲಿ ನೀರು ಬಂತು ಎಂದು ಮಾವ ಹೇಳಿದರು. ನದಿ ದಾಟಿ ಲಾವೋಸಿಗೆ ಹೋದೆವು ಎಂದರು. ಒಂದು ಕಡೆ ಕೋತಿಗಳು ಮರ ಹತ್ತಿ ಕಾಯಿ ತಿರುವಿ ತಿರುವಿ ಕೆಳಕ್ಕೆ ಹಾಕುವುದನ್ನು ಕಂಡರಂತೆ. "ಇಲ್ಲಿ ಕೋತಿ ಕಾಯಿ ಕಿತ್ಕೊಡ್ತವೆ ಕಣಮ್ಮ! ನಮ್ ಕೋತಿಗಳು ಎಳೆಕಾಯಿ ತಿಂದು ನಮ್ ಮಕಕ್ಕೆ ಬಿಸಾಡ್ತವೆ." ಮರ ಹತ್ತುವವರು ಸಿಗದೆ ಸಾಯುತ್ತಿರುವ ನಮ್ಮೂರಿನಲ್ಲಿ ಈ ಸುದ್ದಿಯನ್ನು ಹೇಳಿದರೆ ಒಬ್ಬರೂ ನಂಬಲಿಲ್ಲ.

ಅತ್ತೆಯ ಸುದ್ದಿ ಬೇರೆ. "ನಿನ್ ಮಾವ ಬಾಗ್ಲಲ್ಲೇ ಅವ್ರೆ." ಮಾರನೆಯ ದಿನವೂ ಅದೇ. "ಡಬ್ಬಿ ಕೊಟ್ರೆ ಎದುರಿಗಿರೋ ಹೆಂಗ್ಸಿನ ಕೈಲಿ ಕೊಟ್ಟು ಎದ್ದೋಗ್ತಾರೆ. ಆ ಯಮ್ಮ ನಗ್ತಾ ಹಿಡ್ಕಂಡು ಕುಂತವ್ಳೆ." ಥಾಯ್ಲೆಂಡಿನ ಹಗಲು ಗಾಡಿಗಳಲ್ಲಿ ಬಾಗಿಲು ತೆರೆದೇ ಇರುತ್ತವೆ. ಹಳಿ ಪರದೇಶದ್ದಾದರೂ ಕಿವಿ ಅಮ್ಮಸಂದ್ರದ್ದೇ ಅಲ್ಲವೇ? ಲೆಕ್ಕ ತಪ್ಪಿತ್ತು. ಅತ್ತೆಯ ದನಿಯಲ್ಲಿ ಕೋಪ ಇದ್ದಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಕೊನೆಕೊನೆಗೆ ಕೋಪವೂ ಇರಲಿಲ್ಲ. "ಬುಡು, ಅವ್ರ ಜೀವ ಅದು" ಎಂದರು. ನಾನು ಮಾವನಿಗೆ ಫೋನು ಕೊಡಿಸಿ ಚೆನ್ನಾಗಿ ಬೈದೆ. ಇನ್ನು ಉಳಿದಿರುವುದು ಒಂದೇ ರೈಲು, ಗಡಿಯಿಂದ ಕ್ವಾಲಾಲಂಪುರಕ್ಕೆ. ಅದರಲ್ಲೂ ನಿಂತರೆ ವಾಪಸು ಊರಿಗೆ ಬರಬೇಡಿ ಎಂದೆ. ಹಿರಿಯರಿಗೆ ಹಾಗೆಲ್ಲ ಅನ್ನಬಾರದು. ಅಂದೆ.

"ಆಯ್ತು ಕಣಮ್ಮ," ಎಂದರು ಮಾವ ಮೆತ್ತಗೆ. "ಇವತ್ತು ಇಲ್ಲೊಬ್ಬ ಕೀಮ್ಯಾನ್ ಸಿಕ್ಕಿದ್ದ. ಭಾಷೆ ಬರಲ್ಲ. ಇಬ್ರೂ ಕುಕ್ಕರಗಾಲಲ್ಲಿ ಕುಂತು ಹಳಿ ನೋಡಿದ್ವಿ. ಚೆನ್ನಾಗಿ ನೋಡ್ಕತಾವ್ನೆ."

ಅವರು ಊರಿಗೆ ಬಂದಿಳಿದ ಸಂಜೆ ಪಡಸಾಲೆ ತುಂಬ ಜನ. ಅತ್ತೆಯೇ ಕಥೆ ಹೇಳಿದರು. "ಆ ಕೊನೇ ಗಾಡೀಲಿ ಬಾಗ್ಲು ತಾನೇ ಮುಚ್ಕಂತು. ನಿಲ್ಲಕೆ ಜಾಗ ಇಲ್ಲ, ಗಾಳಿ ಇಲ್ಲ, ಸದ್ದೂ ಇಲ್ಲ. ಬಂದು ಕುಂತ್ರು ನನ್ ಪಕ್ಕ. ವಸಿ ಹೊತ್ತಿಗೆ ತಲೆ ನನ್ ಭುಜಕ್ಕೆ ಬಿತ್ತು. ಅಷ್ಟೇ. ಗಡಿ ಬುಟ್ಟಾಗಿಂದ ಆ ದೊಡ್ಡೂರು ಬರೋಗಂಟ ಎದ್ದೇಳ್ಲಿಲ್ಲ. ಒಂದು ದೇಶಾನೇ ನಿದ್ದೆ ಮಾಡ್ಬುಟ್ರು!"

ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಹಗಲು ರೈಲೇ ಬೇಕು ಎಂದು ನನ್ನ ಪ್ರಾಣ ತಿಂದವರು! ಮಾವ ನಾಚಿ, "ಎಬ್ಬಿಸ್ಬೇಕಿತ್ತು ನೀನು" ಎಂದು ಗೊಣಗಿದರು.

"ಎಬ್ಬಿಸ್ಲಿಲ್ಲ. ಅದಕ್ಕೇನೀಗ? ನಾನ್ ನೋಡಿವ್ನಿ. ಕೇಳಿ, ಹೇಳ್ತೀನಿ."

ಅಲ್ಲಿಂದ ಅದೊಂದು ಪದ್ಧತಿಯೇ ಆಗಿಹೋಯಿತು. ಸಂಜೆ ಹಾಲು ಕರೆದು, ಕೈಕಾಲು ತೊಳೆದು ಜಗಲಿಗೆ ಬಂದರೆ ಮಾವ ಗೋಡೆಗೆ ಒರಗಿ, ಕಣ್ಣು ಮುಚ್ಚಿ, "ಆ ದೇಶ ಹೇಳು" ಎನ್ನುತ್ತಿದ್ದರು. ಅತ್ತೆ ಹೇಳುತ್ತಿದ್ದರು. ನಾನು ಸಂಜೆಯ ಗಾಡಿಯಿಂದ ಬಂದು ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಕೇಳುತ್ತಿದ್ದೆ. ಆ ದೇಶದಲ್ಲಿ ನಮ್ಮ ಕಡೆಯ ಬೋರನಕಣಿವೆ ಜಲಾಶಯದಷ್ಟು ನೀರು ನಿಂತ ಒಂದು ಕಣಿವೆಯಿತ್ತು. ಪಕ್ಕದ ಸಂಪಿಗೆ ಊರಿನ ಶ್ರೀನಿವಾಸನ ಗುಡಿಯಂಥದ್ದೇ ಒಂದು ಗುಡಿ ದೂರದಲ್ಲಿ ಕಾಣುತ್ತಿತ್ತು. ಒಂದು ಗುಡ್ಡವನ್ನು ಅರ್ಧ ಕಡಿದು ಸಿಮೆಂಟು ಮಾಡುತ್ತಿದ್ದರು, ಬೂದಿಯ ಹಾಗೆ ಧೂಳು ಏಳುತ್ತಿತ್ತು. ಕೆರೆಯಲ್ಲಿ ಒಬ್ಬಳು ಎಮ್ಮೆ ತೊಳೆಯುತ್ತಿದ್ದಳು, ಎಮ್ಮೆ ಏಳುವುದಿಲ್ಲ ಎನ್ನುತ್ತಿತ್ತು. ಮಲೇಷ್ಯಾ ಯಾಕೋ ನಮ್ಮ ತಾಲ್ಲೂಕಿನ ದೊಡ್ಡಪ್ಪನ ಮಗನ ಹಾಗಿದೆಯಲ್ಲ ಎಂದು ನಾನು ನಕ್ಕಿದ್ದೂ ಉಂಟು. ತೆಂಗು ಬೆಳೆಯುವ ನಾಡುಗಳೆಲ್ಲ ಹೀಗೇ ಇರಬೇಕು ಎಂದುಕೊಂಡೆ. ದಿನದಿಂದ ದಿನಕ್ಕೆ ಆ ದೇಶ ಬೆಳೆಯುತ್ತಲೇ ಹೋಯಿತು. ಮಾವ ಹೂಂ ಎನ್ನುತ್ತಿದ್ದರು, ನಡುವೆ ಒಂದೊಂದು ಪ್ರಶ್ನೆ ಕೇಳುತ್ತಿದ್ದರು, ಅತ್ತೆ ಉತ್ತರ ಕೊಡುತ್ತಿದ್ದರು. ಒಂದೇ ಗೋಡೆಯ ಆಚೆ ನಾನು ಹುಟ್ಟಿ ಬೆಳೆದವಳು. ಆ ಮನೆಯಲ್ಲಿ ಗಂಡ ಹೆಂಡತಿ ಅಷ್ಟು ಮಾತಾಡಿದ್ದನ್ನು ಅದಕ್ಕೆ ಮೊದಲು ಕೇಳಿರಲಿಲ್ಲ.

ಈ ವರ್ಷ ಮುಂಗಾರಿಗೆ ಮೊದಲು ಮಾವನಿಗೆ ಉಸಿರಿನ ತೊಂದರೆ ಶುರುವಾಯಿತು. ತಿಪಟೂರಿನ ಆಸ್ಪತ್ರೆಗೆ ಸೇರಿಸಿದರು. ಮಧ್ಯಾಹ್ನ ಅಂಗಡಿಯಿಂದ ಊಟ ತೆಗೆದುಕೊಂಡು ಹೋದಾಗಲೆಲ್ಲ ಅತ್ತೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಆ ದೇಶ ಹೇಳುತ್ತಿದ್ದರು. ಮೂಗಿಗೆ ನಳಿಕೆ ಹಾಕಿದ್ದರಿಂದ ಮಾವನಿಗೆ ಹೂಂ ಎನ್ನಲು ಆಗುತ್ತಿರಲಿಲ್ಲ, ಬೆರಳು ಅಲ್ಲಾಡಿಸುತ್ತಿದ್ದರು. ಒಂದು ಬೆಳಗ್ಗೆ ಬೆರಳು ನಿಂತಿತು. ಅತ್ತೆ ಇನ್ನೂ ಸ್ವಲ್ಪ ಹೊತ್ತು ಹೇಳುತ್ತಲೇ ಇದ್ದರು ಎಂದು ನರ್ಸು ಹೇಳಿದಳು. ನಮ್ಮಪ್ಪ ಹೋದಾಗ ಎಷ್ಟು ಅತ್ತಿದ್ದೆನೋ ನಾನು ಅಷ್ಟೇ ಅತ್ತುಬಿಟ್ಟೆ.

ಆ ಮನುಷ್ಯನಿಂದ ನನ್ನ ವ್ಯಾಪಾರ ಕೆಟ್ಟಿತು ಎಂದೂ ಹೇಳಬಹುದು. ಮೊದಲೆಲ್ಲ ಯಾರು ಬಂದು ಎಲ್ಲಿಗೆ ಎಂದರೂ ಗುಂಡಿ ಒತ್ತಿ ಟಿಕೆಟ್ ಕೊಟ್ಟು ಕಳಿಸುತ್ತಿದ್ದೆ. ಈಗ ಗಂಡ ಹೆಂಡತಿ ಬಂದರೆ, ಅಕ್ಕಪಕ್ಕ ಸೀಟು ಇಲ್ಲದಿದ್ದರೆ, ಇನ್ನೊಂದು ದಿನ ಹೋಗಿ ಎನ್ನುತ್ತೇನೆ. ಕೆಲವರು ಬೈದುಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ. ದೂರದ ಪ್ರಯಾಣಕ್ಕೆ ಹೆದರುವ ಮುದುಕ ಮುದುಕಿಯರನ್ನು ಕೂರಿಸಿಕೊಂಡು, ಎಲ್ಲಿ ಇಳಿಯಬೇಕು, ಎಲ್ಲಿ ತಂಗಬೇಕು ಎಂದು ಹೇಳುವಾಗ ನನ್ನ ಬಾಯಲ್ಲಿ ಮಾವನ ಹಟವೇ ಮಾತಾಡುತ್ತದೆ. ಟಿಕೆಟ್ ಮಾರುವುದು ನನಗೆ ಮೊದಲೇ ಬರುತ್ತಿತ್ತು. ಜನರನ್ನು ಕಳಿಸಿಕೊಡುವುದನ್ನು ಕಲಿತದ್ದು ಅವರಿಂದ.

ತಿಥಿ ಮುಗಿದು ಕೆಲವು ದಿನಗಳ ಮೇಲೆ ಅತ್ತೆ ಒಬ್ಬರೇ ಬೆಳಗಿನ ಪ್ಯಾಸೆಂಜರ್‌ನಲ್ಲಿ ಅಂಗಡಿಗೆ ಬಂದರು. ಬೆಂಚಿನ ಮೇಲೆ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, "ಆ ಕೊನೇ ಗಾಡಿ ಇತ್ತಲ್ಲ, ಗಡಿಯಿಂದ ಆ ದೊಡ್ಡೂರಿಗೆ. ಅದಕ್ಕೆ ಟಿಕೀಟು ಮಾಡು" ಎಂದರು. "ನಂಗೊಂದು, ನಿಂಗೊಂದು."

"ನೋಡಿದ ದೇಶವನ್ನೇ ಮತ್ತೆ ನೋಡೋದಾ ಅತ್ತೆ? ಬೇರೆ ಕಡೆ ಹೋಗೋಣ."

"ನೋಡಿಲ್ಲ ಕಣೇ."

"ಅಂದ್ರೆ?"

"ಅವ್ರು ಒರಗಿದ ಮೇಲೆ ನಾನ್ ಕಿಟಕಿ ನೋಡ್ತಾನೇ ಇದ್ದೆ. ಭುಜದ ಮೇಲೆ ಭಾರ, ಬೆಚ್ಚಗಿತ್ತು. ಅದ್ ಯಾವಾಗ ನಂಗೂ ಜೊಂಪು ಹತ್ತಿತೋ ಗೊತ್ತಿಲ್ಲ. ಯಾರೋ ಬಂದು ತಟ್ಟಿ, ಇಳೀರಿ ಅಂದಾಗ್ಲೇ ಎಚ್ಚರ. ಒಂದು ಮರಾನೂ ನೋಡಿಲ್ಲ ನಾನು ಆ ದೇಶದಲ್ಲಿ."

ಹಾಗಾದರೆ ದಿನಾ ಜಗಲಿಯಲ್ಲಿ ಹೇಳಿದ್ದು? ಆ ಕಣಿವೆ, ಆ ಗುಡಿ, ಆ ಎಮ್ಮೆ?

"ಅಷ್ಟು ಜನದ ಮುಂದೆ ನೋಡಿವ್ನಿ ಅಂದುಬುಟ್ನಲ್ಲ. ಆಮೇಲೆ ಅವ್ರು ದಿನಾ ಕೇಳ್ತಾರೆ. ಏನ್ ಹೇಳ್ಲಿ? ಪಾಸಿನಲ್ಲಿ ಹೋಗುವಾಗ ಒಬ್ಳೇ ಕುಂತು ನೋಡ್ತಿದ್ನಲ್ಲ, ಇದೇ ದಾರಿ, ಅವ್ರ ಬೀಟಿನದ್ದು. ಅದನ್ನೇ ಆ ದೇಶ ಅಂತ ಹೇಳ್ತಾ ಹೋದೆ. ನಂಗೆ ಬೇರೆ ಯಾವ ದಾರಿ ಗೊತ್ತು?"

ನನಗೆ ನಗು ಬಂತು, ಅದರ ಹಿಂದೆಯೇ ಅಳು. "ಅಯ್ಯೋ, ಪಾಪ ಮಾವ! ಕೊನೇವರೆಗೂ ಅವರಿಗೆ ಗೊತ್ತೇ ಆಗಲಿಲ್ಲ" ಎಂದೆ.

ಅತ್ತೆ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು.

"ಗೊತ್ತಾಗ್ದೆ ಏನು? ಒಂದಿನ ಹುಣಸೇಮರದ ಸಾಲು ಮೊದ್ಲು ಹೇಳಿ, ಕೆರೆ ಆಮೇಲೆ ಹೇಳ್ದೆ. ಕಣ್ ಬುಡದೇನೇ, 'ಕೆರೆ ಮೊದ್ಲು ಬತ್ತದೆ ಕಣೇ, ಹುಣಸೇಸಾಲು ಆಮೇಲೆ' ಅಂದ್ರು. ನಾನ್ ಸುಮ್ನಾಗ್ಬುಟ್ಟೆ. ಸಿಕ್ಕಾಕ್ಕಂಡೆ ಅಂತ. ನನ್ ಕೈ ಹಿಡ್ಕಂಡು, 'ಹೂಂ, ಮುಂದಕ್ಕೆ ಹೇಳು' ಅಂದ್ರು."